ಕರಡಿಹಳ್ಳದ ಗಾಡಿ ಲೆಕ್ಕ

೧೯೦೯ ಫೆಬ್ರವರಿ ೮, ಸೋಮವಾರ. ಕರಡಿಹಳ್ಳ ಕ್ಯಾಂಪ್

ಬೆಳಿಗ್ಗೆ ಆರರಿಂದ ಸಂಜೆ ಆರರ ತನಕ ಹನ್ನೊಂದು ಗಾಡಿ. ನಿನ್ನೆ ಒಂಬತ್ತು. ಮೊನ್ನೆ ಹದಿನಾಲ್ಕು — ಅದರಲ್ಲಿ ಒಂದು ನಮ್ಮದೇ ಜಲ್ಲಿ ಗಾಡಿ, ಲೆಕ್ಕದಿಂದ ಹೊಡೆದುಹಾಕಿದೆ.

ನಂಬುವ ಮಾತಲ್ಲ. ಚಳ್ಳಕೆರೆಯ ಗಾಣಗಳು ಹಗಲೆಲ್ಲ ಕಿರುಗುಟ್ಟುತ್ತವೆ. ಹರಳೆಣ್ಣೆ, ಕುಸುಬೆ ಎಣ್ಣೆ, ಕಡ್ಲೆಕಾಯಿ ಮೂಟೆ, ಎಲ್ಲ ಇದೇ ದಾರಿಯಲ್ಲಿ ತಳಕು, ಬಿ.ಜಿ. ಕೆರೆ, ಮೊಳಕಾಲ್ಮೂರು ದಾಟಿ ರಾಯದುರ್ಗದ ರೈಲು ಸ್ಟೇಷನ್ನಿಗೆ ಹೋಗಬೇಕು. ಅಷ್ಟು ಎಣ್ಣೆ ಏನು ರೆಕ್ಕೆ ಕಟ್ಟಿಕೊಂಡು ಹಾರಿ ಹೋಗುತ್ತದೆಯೇ?

ದಿನಕ್ಕೆ ಅರವತ್ತು ಗಾಡಿ, ಆರು ವಾರದ ಸರಾಸರಿ. ಅಷ್ಟು ತೋರಿಸಿದರೆ ಈ ಹಳ್ಳಕ್ಕೆ ಸೇತುವೆಯ ಎಸ್ಟಿಮೇಟು ಮೇಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಫೈಲಿಗೆ ದಾರ ಕಟ್ಟಿ ಅಟ್ಟಕ್ಕೆ. ಎಂಜಿನಿಯರ್ ಸಾಹೇಬರು ಹೇಳಿದ್ದು ಇಷ್ಟೇ. ಹೇಳಿ ಕುದುರೆ ಹತ್ತಿ ಹೋದರು.

ಹೋದ ಅಕ್ಟೋಬರಿನದು ಬರೆಯಬಾರದು ಅಂದುಕೊಂಡಿದ್ದೆ. ಬರೆಯದಿದ್ದರೆ ಹೋಗುತ್ತದೆಯೇ... ಮಳೆ ನಿಂತ ಮೂರನೆಯ ದಿನ. ಹಳ್ಳದಲ್ಲಿ ಕೋಲು ನೆಟ್ಟು ನೋಡಿ 'ಹೋಗಬಹುದು' ಅಂದವನು ನಾನು. ರಸ್ತೆಯ ಓವರ್‌ಸಿಯರ್ ಹೇಳಿದ ಮೇಲೆ ಯಾರು ಅನುಮಾನ ಪಡುತ್ತಾರೆ? ಕೋಲಿನ ಬುಡದ ಮರಳು ಗಟ್ಟಿ ಇತ್ತು. ಹತ್ತು ಮಾರು ಆಚೆ ಇರಲಿಲ್ಲ. ಪಕ್ಕದ ದನಗಾಹಿಗಳ ಹಟ್ಟಿಯ ಕಾಟಪ್ಪನ ಗಾಡಿ. ಎಂಟು ತೊಗಲಿನ ಬುದ್ದಲಿ ತುಂಬ ಹರಳೆಣ್ಣೆ. ಎತ್ತುಗಳು ಹೇಗೋ ನೊಗ ಕಿತ್ತುಕೊಂಡು ದಡ ಹತ್ತಿದವು. ಕಾಟಪ್ಪ ಹತ್ತಲಿಲ್ಲ. ನೀರಿನ ಮೇಲೆ ಎಣ್ಣೆ ಹರಡಿ ಬಿಸಿಲಿಗೆ ಬಣ್ಣಬಣ್ಣವಾಗಿ ಹೊಳೆಯುತ್ತಿತ್ತು. ಅದನ್ನೇ ನೋಡುತ್ತ ನಿಂತಿದ್ದೆ.

ಈ ಸೇತುವೆ ಆಗಲೇಬೇಕು.

ಫೆಬ್ರವರಿ ೧೦, ಬುಧವಾರ. ಮಧ್ಯಾಹ್ನ

ಗುಟ್ಟು ಗೊತ್ತಾಯಿತು. ಮೇಸ್ತ್ರಿ ಕೆಂಚಣ್ಣ ಎರಡು ದಿನದಿಂದ ಮುಸಿಮುಸಿ ನಗುತ್ತಿದ್ದ. ಇವತ್ತು ಗದರಿದೆ.

'ಗಾಡಿ ಇಲ್ಲ ಅಂತ ಯಾರಂದ್ರು ಸಾಮಿ? ನೀವು ಉಣ್ಣಾಕೆ ಎದ್ದು ಹೋಗಾದನ್ನೇ ಕಾಯ್ತಾ ನಿಂತವೆ ಅಲ್ಲಿ, ದಿಬ್ಬದ ಹಿಂದೆ.'

ಹೋಗಿ ನೋಡಿದೆ. ಹುಣಸೆ ಮರದ ಕೆಳಗೆ ಸಾಲು ಗಾಡಿ, ಎತ್ತು ಬಿಚ್ಚಿ ಮೆಲುಕಿಗೆ ಬಿಟ್ಟು ಗಾಡಿಯವರು ಕೂತಿದ್ದಾರೆ. ನನ್ನ ಕೈಯಲ್ಲಿ ಪುಸ್ತಕ ಕಂಡಿದ್ದೇ ತಡ, ಒಬ್ಬ ತನ್ನ ಎತ್ತಿನ ಮುಖಕ್ಕೆ ಕಂಬಳಿ ಮುಚ್ಚಿದ. ಕಳ್ಳನನ್ನು ನೋಡುವ ಹಾಗೆ ನೋಡಿದರು. ನಾನೇ ತಲೆ ತಗ್ಗಿಸಿ ವಾಪಸು ಬಂದೆ.

ಕೆಂಚಣ್ಣನ ಪ್ರಕಾರ ಇಲ್ಲಿ ಎಣಿಸಬಾರದು. ದನ, ಕುರಿ, ಮಕ್ಕಳು, ಯಾವುದನ್ನೂ ಬಾಯಿಬಿಟ್ಟು ಎಣಿಸಬಾರದು. ಎಣಿಸಿದರೆ ಕೇಡು. ಎಷ್ಟು ಮಕ್ಕಳಮ್ಮ ಅಂದರೆ 'ದೇವರು ಕೊಟ್ಟಷ್ಟು ಅವೆ' ಅನ್ನುತ್ತಾರೆ ಹೊರತು ನಾಲ್ಕು ಅನ್ನುವುದಿಲ್ಲ.

'ಹಂಗಾದ್ರೆ ಕುರಿ ಕಳೆದ್ರೆ ಹೇಗಯ್ಯ ಗೊತ್ತಾಗುತ್ತೆ?'

'ಮುಖ ಕಾಣದಿದ್ರೆ ಗೊತ್ತಾಗಲ್ವಾ ಸಾಮಿ? ಬಸವಲಿಂಗಮ್ಮೋರು ತವರಿಗೆ ಹೋಗವ್ರೆ ಅಂತ ನೀವೇನು ಎಣಿಸಿ ತಿಳ್ಕಂಡ್ರಾ?'

ನಗು ಬಂತು. ನಗಲಿಲ್ಲ. ನನ್ನ ಹೆಂಡತಿ ಹರಿಹರದ ತವರಲ್ಲಿ ಕೂತು ಎರಡು ತಿಂಗಳಾಯಿತು — ಹಳ್ಳದ ದಂಡೆಯ ಗುಡಿಸಲಿಗೆ ಬರುವುದಿಲ್ಲವಂತೆ.

ಆಮೇಲೆ ಅವನೇ ದನಿ ತಗ್ಗಿಸಿ ಹೇಳಿದ. ಅವರ ಅಜ್ಜಂದಿರ ಕಾಲಕ್ಕೆ ಯಾರೋ ಬಂದು ಗಾಣ ಎಣಿಸಿಕೊಂಡು ಹೋದರಂತೆ. ಹಿಂದೆಯೇ ಗಾಣಕ್ಕೆ ತೆರಿಗೆ. ಮೊಳಕಾಲ್ಮೂರಲ್ಲಿ ಮಗ್ಗ ಎಣಿಸಿದರು, ಮಗ್ಗಕ್ಕೆ ತೆರಿಗೆ. ಈಗ ಗಾಡಿ ಎಣಿಸುವ ನಾನು.

ಫೆಬ್ರವರಿ ೧೬, ಮಂಗಳವಾರ

ಹಟ್ಟಿಗೆ ಹೋದೆ. ಸುತ್ತ ಕಾರೆ ಮುಳ್ಳಿನ ಬೇಲಿ, ಆಳೆತ್ತರ. ಬೂಟು ಬೇಲಿಯ ಆಚೆಗೇ. ಕೆಂಚಣ್ಣ ಮೊದಲೇ ಹೇಳಿದ್ದ.

ಯಜಮಾನ ದೊಡ್ಡಪಾಲಯ್ಯ. ಎಪ್ಪತ್ತರ ಮೇಲಿರಬೇಕು. ಚಳ್ಳಕೆರೆಯಿಂದ ಹೊರಡುವ ಗಾಡಿಗಳಲ್ಲಿ ಅರ್ಧ ಅವನ ಮಾತು ಕೇಳುತ್ತವೆ. ತಮ್ಮತಮ್ಮಲ್ಲಿ ತೆಲುಗು, ನನ್ನ ಹತ್ತಿರ ಕನ್ನಡ.

ಸೇತುವೆ ಬಂದರೆ ಎಣ್ಣೆ ಮಳೆಗಾಲದಲ್ಲೂ ನಿಲ್ಲದೆ ಹೋಗುತ್ತದೆ, ಕಾಟಪ್ಪನ ಹಾಗೆ ಇನ್ನೊಬ್ಬ ಹೋಗುವುದಿಲ್ಲ — ಎಲ್ಲ ಹೇಳಿದೆ. ಕೇಳಿಸಿಕೊಂಡ. 'ಸೇತುವೆ ಒಳ್ಳೇದೇ ಸಾಮಿ. ಎಣಿಸಾದು ವದ್ದು.' ಬೇಡ ಅಂದರೆ ಬೇಡ. ಗೋಡೆಗೆ ಹೇಳಿದ ಹಾಗೆ.

ಎದ್ದು ನಿಂತಿದ್ದೆ. ಆಗ ಹೆಂಗಸರ ಗುಂಪಿನ ಹಿಂದಿನಿಂದ ಒಂದು ದನಿ. 'ಹಳ್ಳ ದಾಟೋರು ಹಳ್ಳದಮ್ಮನ ಗುಡ್ಡೆಗೆ ಒಂದೊಂದು ಕಲ್ಲು ಹಾಕ್ತಾರಲ್ಲ. ಅದನ್ನ ಎಣಿಸ್ಕಳ್ಳಲಿ. ಕಲ್ಲಿಗೇನಾಗುತ್ತೆ?'

ಜುಂಜಮ್ಮ. ಕಾಟಪ್ಪನ ಹೆಂಡತಿ. ಅಕ್ಟೋಬರಿನಿಂದ ಅವಳ ಮುಖ ನೋಡಲು ಆಗಿರಲಿಲ್ಲ ನನಗೆ. ಇವತ್ತೂ ಆಗಲಿಲ್ಲ.

ಸಭೆಯಲ್ಲಿ ತುಂಬ ಹೊತ್ತು ತೆಲುಗಿನ ಗದ್ದಲ. ಕೊನೆಗೆ ದೊಡ್ಡಪಾಲಯ್ಯ ಒಪ್ಪಿದ. ಒಂದು ಗಾಡಿಗೆ ಒಂದು ಕಲ್ಲು. ಆದರೆ ಸುಂಕ ಬರುವುದಿಲ್ಲ ಅಂತ ನಾನು ಆಣೆ ಇಡಬೇಕು. ದೇವರ ಎತ್ತಿನ ಮೇಲೆ.

ದೇವರಿಗೆ ಬಿಟ್ಟ ಎತ್ತು. ನೊಗ ಕಂಡಿಲ್ಲ, ಮೂಗುದಾರ ಕಂಡಿಲ್ಲ. ಬಿಳಿ ಮೈ, ಕೋಡು ಒಂದೊಂದು ಎರಡು ಮೊಳ. ಅದರ ಬೆನ್ನ ಮೇಲೆ ಕೈ ಇಟ್ಟೆ. ನೊಣ ಕೂತ ಹಾಗೆ ಚರ್ಮ ಕಂಪಿಸಿತು. 'ಈ ಲೆಕ್ಕದಿಂದ ಸುಂಕ ಬರೋದಿಲ್ಲ' ಅಂದೆ.

ಸುಂಕ ಹಾಕುವವನು ನಾನಲ್ಲ. ತಡೆಯುವವನೂ ನಾನಲ್ಲ. ಆದರೂ ಇಟ್ಟೆ. ನನಗೆ ಅರವತ್ತು ಗಾಡಿ ಬೇಕಿತ್ತು.

ಫೆಬ್ರವರಿ ೧೮, ಗುರುವಾರ

ಹಳೆಯ ಲೆಕ್ಕ ರದ್ದು. ಇವತ್ತಿನಿಂದ ಹೊಸದು, ಮಾರ್ಚ್ ಕೊನೆಗೆ ಸರಿಯಾಗಿ ಆರು ವಾರ. ದೊಡ್ಡ ಗುಡ್ಡೆಯ ಪಕ್ಕ ಸುಣ್ಣದಲ್ಲಿ ಒಂದು ಬಳೆ ಬರೆಸಿದೆ. ದಿನದ ಕಲ್ಲು ಅದರೊಳಗೆ. ಸಂಜೆ ನಾನು ಎಣಿಸಿದ ಮೇಲೆ ಕೆಂಚಣ್ಣ ಚಪ್ಪಲಿ ಬಿಟ್ಟು ಬಂದು ಅವನ್ನು ಹಳ್ಳದಮ್ಮನ ಗುಡ್ಡೆಗೆ ಸೇರಿಸುತ್ತಾನೆ.

ಎಪ್ಪತ್ತೊಂದು!

ಎರಡು ಸಲ ಎಣಿಸಿದೆ. ಎಪ್ಪತ್ತೊಂದೇ.

ಫೆಬ್ರವರಿ ೨೬, ಶುಕ್ರವಾರ

ಎಂಬತ್ತಮೂರು. ಈಗ ಗಾಡಿಯವರು ನನ್ನ ಗುಡಿಸಲ ಮುಂದೆಯೇ ನಿಲ್ಲಿಸಿ ಬೀಡಿಗೆ ಬೆಂಕಿ ಕೇಳುತ್ತಾರೆ. ನಾನು ಲಿಂಗವಂತ, ಬೀಡಿ ಸೇದುವುದಿಲ್ಲ ಅಂದರೂ ಕೇಳುತ್ತಾರೆ. ಬೆಂಕಿ ಇಟ್ಟುಕೊಳ್ಳುವುದು ಕಲಿತಿದ್ದೇನೆ.

ಹೋಗುವ ಗಾಡಿಯಲ್ಲಿ ಹರಳು, ಹುಚ್ಚೆಳ್ಳು, ಕಡ್ಲೆಕಾಯಿ, ಬುದ್ದಲಿಗಳಲ್ಲಿ ಎಣ್ಣೆ. ಬರುವ ಗಾಡಿಯಲ್ಲಿ ಸೀಮೆಎಣ್ಣೆ ಡಬ್ಬ, ಉಪ್ಪು. ಎಣ್ಣೆ ಕೊಟ್ಟು ಎಣ್ಣೆ ತರುತ್ತಾರೆ. ದೊಡ್ಡಪಾಲಯ್ಯನನ್ನು ಕೇಳಿದೆ, ಮನೆ ತುಂಬ ಹರಳೆಣ್ಣೆ ಇರುವಾಗ ಬರ್ಮಾದ ಸೀಮೆಎಣ್ಣೆ ಯಾಕೆ ಅಂತ.

'ನಮ್ಮೆಣ್ಣೆ ಉರಿಯಾದು ನಿಧಾನ. ಅದು ಭಗ್ ಅಂತ ಹತ್ತುತ್ತೆ. ಸೊಸೇರಿಗೆ ಭಗ್ ಅನ್ನಾದೇ ಇಷ್ಟ.' ತಡೆದು, 'ದೇವರ ದೀಪಕ್ಕೆ ಮಾತ್ರ ನಮ್ಮದೇ. ಸೀಮೆಎಣ್ಣೆ ಬೇಲಿ ದಾಟಿ ದೇವರ ತಂಕ ಬರಂಗಿಲ್ಲ.'

ಜುಂಜಮ್ಮ ಗಂಡನ ಎತ್ತು ಕಟ್ಟಿಕೊಂಡು ತಾನೇ ಗಾಡಿ ಹೊಡೆಯುತ್ತಿದ್ದಾಳೆ. ಹೊಸ ಗಾಡಿ, ಸಾಲದ್ದಿರಬೇಕು. ಹೆಂಗಸು ಗಾಡಿ ಹೊಡೆಯುವುದು ಈ ದಾರಿಯಲ್ಲಿ ಯಾರೂ ಕಂಡಿಲ್ಲ. ಹಟ್ಟಿಯಲ್ಲಿ ಗೊಣಗಿದರಂತೆ. 'ಎತ್ತಿಗೆ ಗೊತ್ತಾಗ್ತೈತಾ ಹೊಡಿಯೋದು ಗಂಡೋ ಹೆಣ್ಣೋ ಅಂತ?' ಅಂದಳಂತೆ. ಕಲ್ಲು ಹಾಕುವಾಗ ಕಣ್ಣಿಗೊತ್ತಿಕೊಂಡು ಹಾಕುತ್ತಾಳೆ. ನನ್ನ ಕಡೆ ನೋಡುವುದಿಲ್ಲ.

ಮಾರ್ಚ್ ೯, ಮಂಗಳವಾರ

ಇನ್ನೂರ ಹದಿನೇಳು.

ಸಾಧ್ಯವೇ ಇಲ್ಲ. ಚಳ್ಳಕೆರೆ ಪೂರ್ತಿ ಖಾಲಿಯಾದರೂ ಇಷ್ಟು ಗಾಡಿ ಇಲ್ಲ. ಇವತ್ತಿನ ಕಲ್ಲು ಗುಡ್ಡೆಗೆ ಸೇರಿಸಬೇಡ ಅಂತ ಕೆಂಚಣ್ಣನಿಗೆ ಹೇಳಿ, ಇಡೀ ಸಂಜೆ ಗುಡಿಸಲ ಸುತ್ತ ತಿರುಗಿದೆ. ಕೂತರೆ ಕಾಲು ನಿಲ್ಲುವುದಿಲ್ಲ, ನಿಂತರೆ ತಲೆ ನಿಲ್ಲುವುದಿಲ್ಲ.

ಮಾರ್ಚ್ ೧೦, ಬುಧವಾರ. ಬೆಳಿಗ್ಗೆ ೭

ಮರೆಯಲ್ಲಿ ನಿಂತು ನೋಡಿದೆ. ಜುಂಜಮ್ಮ ಮಂಕರಿ ತುಂಬ ಕಲ್ಲು ಹೊತ್ತು ತಂದಳು. ಸುಣ್ಣದ ಬಳೆಯೊಳಗೆ ಸುರಿದಳು. ಮತ್ತೆ ಹೋಗಿ ಇನ್ನೊಂದು ಮಂಕರಿ. ನಾನು ಎದುರಿಗೆ ಬಂದಾಗ ಹೆದರಲಿಲ್ಲ, ಸೆರಗಿನಿಂದ ಮುಖ ಒರೆಸಿಕೊಂಡಳು. ಮೊದಲ ಸಲ ನನ್ನ ಜೊತೆ ಮಾತಾಡಿದಳು.

'ಇನ್ನೂ ಎಷ್ಟು ಬೇಕ್ರಿ ಸೇತುವೆಗೆ?'

ಇಷ್ಟು ಕಲ್ಲು ತುಂಬಿದರೆ ಸೇತುವೆ ಬಂದೇಬಿಡುತ್ತದೆ ಅಂತ ತಿಳಿದಿದ್ದಾಳೆ. ಕಲ್ಲು ಹೆಚ್ಚಿದಷ್ಟೂ ಸೇತುವೆ ಬೇಗ. ಗಾಡಿಯವರು ಒಂದೊಂದೇ ಹಾಕುತ್ತಿದ್ದಾರಲ್ಲ, ಯಾವಾಗ ತುಂಬಬೇಕು — ಪಾಪ, ಅವಸರ.

'ಸಾಕು ಜುಂಜಮ್ಮ. ಇನ್ನು ಸಾಕು' ಅಂದೆ. ನಗುತ್ತ ಹೋದಳು.

ನಿನ್ನೆಯ ಲೆಕ್ಕದಲ್ಲಿ ಅವಳ ಕಲ್ಲೆಲ್ಲ ಹೊಡೆದುಹಾಕಿದೆ. ಮಂಕರಿಯವು ಹಳ್ಳದ ನುಣುಪು ಕಲ್ಲು, ಗಾಡಿಯವರವು ರಸ್ತೆಯ ಬೆಣಚು. ಬೇರೆ ಮಾಡುವುದು ಕಷ್ಟವಾಗಲಿಲ್ಲ. ಎಪ್ಪತ್ತೊಂಬತ್ತು ಉಳಿಯಿತು. ಸುಳ್ಳು ಲೆಕ್ಕ ಕೊಟ್ಟರೆ ಸೇತುವೆಯೇ ಕೆಡುತ್ತದೆ. ಸರಿಯಾದದ್ದನ್ನೇ ಮಾಡಿದೆ. ಆದರೂ ಪೆನ್ನು ಎಳೆಯುವಾಗ ಅವಳ ತಲೆಯಿಂದ ಮಂಕರಿ ತಳ್ಳಿದ ಹಾಗಾಯಿತು.

ಮಾರ್ಚ್ ೩೧, ಬುಧವಾರ

ಸರಾಸರಿ ಎಂಬತ್ತಾರು. ರಿಪೋರ್ಟ್ ತಳಕಿನ ಟಪಾಲಿಗೆ ನಾನೇ ನಡೆದು ಹೋಗಿ ಹಾಕಿ ಬಂದೆ. ಕೆಂಚಣ್ಣನಿಗೆ ಬೆಲ್ಲ ಕೊಡಿಸಿದೆ.

ಏಪ್ರಿಲ್ ೨೧, ಬುಧವಾರ

ಉತ್ತರ ಇಲ್ಲ.

ಬಸವಲಿಂಗಮ್ಮನ ಕಾಗದ ಬಂತು. 'ನಿಮ್ಮ ಹಳ್ಳ ಕುಶಲವೇ? ನನ್ನ ಆರೋಗ್ಯ ವಿಚಾರಿಸಲು ಬಿಡುವಾದಾಗ ವಿಚಾರಿಸಿರಿ.' ಜವಾಬು ಬರೆಯಲು ಕೂತೆ. ನಾಲ್ಕು ಸಾಲು ಬರೆದು ನೋಡಿದರೆ ನಾಲ್ಕೂ ಸೇತುವೆಯದ್ದು. ಹರಿದೆ.

ಬಿಸಿಲು. ಹಳ್ಳದಲ್ಲಿ ಒಂದು ಹನಿ ಇಲ್ಲ. ಈಗ ಅಡಿಪಾಯ ತೋಡಿದರೆ ಎಷ್ಟು ಸಲೀಸು.

ಮೇ ೬, ಗುರುವಾರ. ರಾಯದುರ್ಗ

ಕೂತಲ್ಲಿ ಕೂರಲಾರದೆ ದೊಡ್ಡಪಾಲಯ್ಯನ ಗಾಡಿ ಹತ್ತಿ ಸ್ಟೇಷನ್ ತನಕ ಬಂದೆ. ಎರಡು ದಿನದ ರಜ. ಸೊಂಟ ಮುರಿದಿದೆ.

ಗೂಡ್ಸ್ ಶೆಡ್ಡಿನ ಮುಂದೆ ಕಡ್ಲೆಕಾಯಿ ಮೂಟೆ ಬೆಟ್ಟದಂತೆ. ಮದ್ರಾಸಿಗೆ ಹೋಗಿ ಅಲ್ಲಿಂದ ಹಡಗಂತೆ, ಫ್ರಾನ್ಸಿಗಂತೆ. ಅಲ್ಲಿ ಉಗಿಯ ಯಂತ್ರದಲ್ಲಿ ಹಿಂಡುತ್ತಾರಂತೆ. ಅದೇ ರೈಲು ಬರುವಾಗ ಸೀಮೆಎಣ್ಣೆ ತರುತ್ತದೆ. ಕಾಯಿ ಬೆಳೆಯುವವರು ನಾವು, ಹಿಂಡುವವರು ಯಾರೋ, ದೀಪಕ್ಕೆ ಎಣ್ಣೆ ಇನ್ಯಾರದೋ. ಮಧ್ಯದ ರಸ್ತೆಯಾದರೂ ನಮ್ಮದಾಗಿ ನೆಟ್ಟಗಿದ್ದರೆ ಚಳ್ಳಕೆರೆಯಲ್ಲೇ ಒಂದು ಯಂತ್ರ ಕೂರಬಾರದೇ? ಅರ್ಧ ದಿನ ಇದನ್ನೇ ದೊಡ್ಡಪಾಲಯ್ಯನಿಗೆ ಹೇಳಿದೆ.

'ಸೇತುವೆ ಬರ್ಲಿ ಬಿಡ್ರಿ ಮೊದ್ಲು' ಅಂದ. ಆಮೇಲೆ ತನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ನನಗೆ ಕೊಟ್ಟ.

ಮೇ ೨೪, ಸೋಮವಾರ

ಸ್ಯಾಂಕ್ಷನ್! ಸಾಹೇಬರ ಚೀಟಿ. 'ಕರಡಿಹಳ್ಳದ ಸೇತುವೆ ಮಂಜೂರು. ವಿವರ ಹಿಂದೆ ಬರುತ್ತದೆ.'

ಕೆಂಚಣ್ಣ ಹಟ್ಟಿಗೆ ಓಡಿದ. ಸಂಜೆಯ ಹೊತ್ತಿಗೆ ಡೋಲು ಕೇಳಿಸಿತು. ಜುಂಜಮ್ಮ ಒಂದು ಗಿಂಡಿ ಎಮ್ಮೆಯ ಹಾಲು ತಂದು ಗುಡಿಸಲ ಮುಂದೆ ಇಟ್ಟು ಹೋದಳು. ಕಾಸಲೂ ಇಲ್ಲ, ಹಾಗೇ ಕುಡಿದೆ. ಎಂಟು ತಿಂಗಳಲ್ಲಿ ಮೊದಲ ಸಲ ಹಳ್ಳದ ಕಡೆ ಸುಮ್ಮನೆ ನೋಡಿದೆ.

ಮೇ ೨೭, ಗುರುವಾರ

ವಿವರ ಬಂತು.

ಸೇತುವೆ ಮಂಜೂರು, ಮುಂದಿನ ವರ್ಷದ ಬೇಸಿಗೆಗೆ. ಖರ್ಚಿನ ಅರ್ಧ ಗಾಡಿಗಳಿಂದಲೇ ಎತ್ತಬೇಕು. ಅದಕ್ಕೆ ಬರುವ ಜುಲೈ ಒಂದರಿಂದ ಹಳ್ಳದ ದಂಡೆಯಲ್ಲಿ ಸುಂಕದ ಗೇಟು. ಸೇತುವೆ ಆಮೇಲೆ, ಗೇಟು ಮೊದಲು.

ಕೆಳಗೆ ಸುಂಕದ ಆದಾಯದ ಅಂದಾಜು. ದಿನಕ್ಕೆ ಎಂಬತ್ತಾರು ಗಾಡಿಯಂತೆ... ನನ್ನದೇ ಕೋಷ್ಟಕ, ಯಾರೋ ಗುಮಾಸ್ತ ದುಂಡಗೆ ನಕಲು ಮಾಡಿದ್ದಾನೆ. ಅಲ್ಲಲ್ಲಿ ನನ್ನ ತಪ್ಪು ಕಾಗುಣಿತ ಕೂಡ ಹಾಗೇ ಇದೆ. ಗೇಟಿನ ಕಂಬಕ್ಕೆ ಸ್ಥಳ ಗುರುತು ಮಾಡಬೇಕಾದವನು — ಓವರ್‌ಸಿಯರ್ ಚಿಕ್ಕಬಸಪ್ಪ.

ನಾನು.

ಜೂನ್ ೨, ಬುಧವಾರ

ಹೇಳಿಲ್ಲ. ಯಾರಿಗೂ ಹೇಳಿಲ್ಲ. ಗಾಡಿಯವರು 'ಯಾವಾಗ ಶುರು ಸಾಮಿ?' ಅನ್ನುತ್ತಾರೆ. ಕೆಮ್ಮುತ್ತೇನೆ. ದಿನಕ್ಕೆ ನಾಲ್ಕು ಸಲ ಬಿ.ಜಿ. ಕೆರೆ ಕಡೆಯ ಮೈಲಿಕಲ್ಲಿನ ತನಕ ನಡೆದು ಬರುತ್ತೇನೆ, ಸುಮ್ಮನೆ. ರೈತನಂತೆ ಮೋಡ ನೋಡುತ್ತೇನೆ.

ಕೆಂಚಣ್ಣ ಇವತ್ತು ಕೇಳಿಯೇಬಿಟ್ಟ. 'ಏನೋ ಆಗೈತೆ. ನನ್ಗಾದ್ರೂ ಹೇಳ್ರಿ.' ಹೇಳಿದೆ. ಅವನು ಪೇಟ ಬಿಚ್ಚಿ ಮಡಿಲಲ್ಲಿಟ್ಟುಕೊಂಡ.

'ಕೈ ಇಟ್ಟಿದ್ದು ಎತ್ತಿನ ಮ್ಯಾಲೆ ಸಾಮಿ' ಅಂದ. ಅಷ್ಟೇ.

ಜೂನ್ ೯, ಬುಧವಾರ

ಹೋದೆ. ಬೂಟು ಬೇಲಿಯ ಆಚೆ ಬಿಟ್ಟೆ. ಎಲ್ಲರ ಮುಂದೆ ಕಾಗದ ಓದಿ ಹೇಳಿದೆ. ನನಗೆ ಗೊತ್ತಿರಲಿಲ್ಲ ಅಂದೆ. ಅದು ನಿಜ. ಗೊತ್ತಿಲ್ಲದ ಮೇಲೆ ಆಣೆ ಇಡಬಾರದಿತ್ತು ಅಂದೆ. ಅದೂ ನಿಜ.

ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಅಂದುಕೊಂಡು ಹೋಗಿದ್ದೆ.

ದೊಡ್ಡಪಾಲಯ್ಯ ಹೇಳಿದ: 'ನಿಮ್ಗೇನೂ ಅನ್ನಲ್ಲ ನಾವು. ನೀವು ಪರಸ್ಥಳದೋರು, ನಾಳೆ ವರ್ಗ ಆಗಿ ಹೋಗ್ತೀರಿ. ಎತ್ತಿನ ಮೈಮೇಲೆ ಸುಳ್ಳು ಕೂತೈತೆ. ಅದಿನ್ನು ಮಂದೇಲಿ ಇರಂಗಿಲ್ಲ.'

'ತಪ್ಪು ನನ್ನದು, ಎತ್ತಿಂದೇನು?'

'ನಿಮ್ಮ ಕೈ ಅಲ್ವರಾ ಅದರ ಮೇಲಿದ್ದದ್ದು. ಕಾಗದ ವಾಪಸ್ ಹೋದ್ರೆ ಎತ್ತೂ ವಾಪಸ್ ಬರ್ತೈತೆ. ಇಲ್ಲಾಂದ್ರೆ ಇಲ್ಲ.'

ನನ್ನ ಕಣ್ಣ ಮುಂದೆಯೇ ಬೇಲಿಯ ಬಾಗಿಲು ತೆಗೆದು ಹೊರಗೆ ಹೊಡೆದರು. ಅದು ಸ್ವಲ್ಪ ದೂರ ಹೋಗಿ ನಿಂತು ಹಿಂತಿರುಗಿ ನೋಡಿತು. ಮೇಯಿಸಲು ಬಿಟ್ಟಿದ್ದಾರೆ ಅಂದುಕೊಂಡಿರಬೇಕು. ಸಂಜೆ ಮಂದೆಯ ಹಿಂದೆ ಬಂದಾಗ ಅದೊಂದಕ್ಕೆ ಬೇಲಿ ಮುಚ್ಚಿದರು.

ಜೂನ್ ೧೨, ಶನಿವಾರ

ಹಳ್ಳದ ಹತ್ತಿರವೇ ಇದೆ. ನಾನು ಹಾಕಿದ ಜೋಳದ ಸಪ್ಪೆ ಮೂಸಿ ನೋಡಿತು, ಮುಟ್ಟಲಿಲ್ಲ. ಪಕ್ಕೆಲುಬು ಕಾಣತೊಡಗಿದೆ. ಇದೇ ಮೊದಲ ಸಲ ಮಂದೆ ಬಿಟ್ಟಿದ್ದಂತೆ. ಒಂಟಿಯಾಗಿ ಮೇಯಲು ಬರುವುದಿಲ್ಲವಂತೆ.

ಕಾಗದ ಬರೆದೆ. 'ಮಹಾಸ್ವಾಮಿಯವರ ಸನ್ನಿಧಾನಕ್ಕೆ... ನಾನು ಕಳಿಸಿದ ಗಾಡಿಗಳ ಲೆಕ್ಕ ಸುಳ್ಳು. ಹೆಚ್ಚಿಸಿ ಬರೆದಿರುತ್ತೇನೆ.' ಲೆಕ್ಕ ನಿಜವೇ, ಆದರೆ ಸುಳ್ಳೆಂದರೆ ಮಂಜೂರಾತಿ ರದ್ದಾಗುತ್ತದೆ, ನನ್ನ ಕೆಲಸವೂ ಹೋಗುತ್ತದೆ. 'ನಿಮ್ಮ ಹಳ್ಳ' ಅನ್ನುತ್ತಿದ್ದ ಹೆಂಡತಿಗೆ ಸಂತೋಷವಾದೀತು. ಸೋಮವಾರ ಟಪಾಲಿಗೆ.

ಬರೆದ ಮೇಲೆ ಹಗುರವಾಯಿತು. ಕಾಲು ನಿಂತಿದೆ.

ಜೂನ್ ೧೪, ಸೋಮವಾರ

ತಳಕಿನ ದಾರಿಯಲ್ಲಿ ಜುಂಜಮ್ಮ ಅಡ್ಡ ಸಿಕ್ಕಳು. ಖಾಲಿ ಗಾಡಿ ಹೊಡೆದುಕೊಂಡು ಬರುತ್ತಿದ್ದಳು. ನಿಲ್ಲಿಸಿದಳು.

'ಕೆಂಚಣ್ಣ ಅಂದ. ಕಾಗದ ವಾಪಸ್ ತಗಂತೀರಂತೆ.'

'ಹೌದು.'

'ಆಗ ಸೇತುವೆ?'

'ಬರಲ್ಲ. ಸುಂಕಾನೂ ಬರಲ್ಲ. ಎತ್ತು ಹಟ್ಟಿಗೆ ಬರುತ್ತೆ.'

ಅವಳು ನೊಗದ ಮೇಲೆ ಕೈಯೂರಿ ನಿಂತಳು. 'ನನ್ನ ಗಂಡ ಪುಕ್ಕಟೆ ದಾಟಿದ್ನಲ್ಲ. ಸುಂಕ ಇಲ್ದಂಗೆ.'

ನಾನು ಜೇಬಿನ ಕಾಗದ ಮುಟ್ಟಿ ನೋಡಿಕೊಂಡೆ.

'ಸುಂಕ ನಾನು ಕೊಡ್ತೀನಿ. ಎತ್ತಿಗೆ ನೀರು, ಹುಲ್ಲು ನಾನು ಹಾಕ್ತೀನಿ. ಇನ್ನೇನ್ರೀ ಐತೆ ನಿಮ್ಗೆ? ಅಷ್ಟು ಕಲ್ಲು ಹೊತ್ತು ಹಾಕಿದ್ದೀನಿ, ಅದೂ ಸುಳ್ಳಾ?'

ಸುಮ್ಮನಿದ್ದರೆ ಆಗುತ್ತಿತ್ತು. ಇನ್ನೊಂದು ಸುಳ್ಳು ಬೇಡವೆನಿಸಿತು. ಅವಳ ಕಲ್ಲು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ, ಯಾಕೆ ಅಂತಲೂ ಹೇಳಿದೆ. ಅವಳು ನೊಗದ ಮೇಲಿನ ಕೈ ತೆಗೆದು ಹಗ್ಗ ಎತ್ತಿಕೊಂಡಳು.

'ನಿಮ್ಮ ಪುಸ್ತಕ ನಿಮ್ಗೆ. ನಾ ಹಾಕಿದ್ದು ಹಳ್ಳದಮ್ಮಗೆ' ಅಂದಳು. 'ಕಾಗದ ಹಾಕಬ್ಯಾಡ್ರಿ.'

ಅರ್ಧ ದಾರಿಯಿಂದ ವಾಪಸು ಬಂದೆ. ಈಗ ಗೊತ್ತಾಗುತ್ತಿದೆ — ಮೊನ್ನೆ ಹಗುರಾಗಿದ್ದು ನಾನೊಬ್ಬನೇ. ನನ್ನ ಕೈ ತೊಳೆದುಕೊಳ್ಳಲು ಅವಳ ಸೇತುವೆ ಒಡೆಯಲು ಹೊರಟಿದ್ದೆ. ನಾಚಿಕೆಯಾಗುತ್ತಿದೆ. ಕಾಗದ ಒಲೆಗೆ ಹಾಕಿದೆ.

ಜೂನ್ ೨೦, ಭಾನುವಾರ

ಹೊರಗೆ ಹಾಕಿದ ಎತ್ತಿಗೆ ನೀರು ಕೊಟ್ಟಳು ಅಂತ ಹಟ್ಟಿ ಜುಂಜಮ್ಮನಿಗೆ ಬೇಲಿ ಮುಚ್ಚಿದೆ. ಎತ್ತು ಬಿಡು ಅಥವಾ ಹಟ್ಟಿ ಬಿಡು ಅಂದರಂತೆ. ಗಾಡಿ ತಂದು ಹಳ್ಳದ ದಂಡೆಯಲ್ಲಿ ನಿಲ್ಲಿಸಿ, ಮೇಲೆ ಈಚಲು ಚಾಪೆ ಕಟ್ಟಿಕೊಂಡಿದ್ದಾಳೆ. ಎತ್ತು ಅವಳ ಕೈಯಿಂದ ತಿನ್ನುತ್ತಿದೆ.

ಕೆಂಚಣ್ಣನ ಹತ್ತಿರ ರಾಗಿ ಕಳಿಸಿದೆ. ವಾಪಸು ಕಳಿಸಿದಳು. ಅವನೇ ತನ್ನ ಮನೆಯದು ಅಂತ ಇನ್ನೊಮ್ಮೆ ಕೊಂಡುಹೋದ. ಇಟ್ಟುಕೊಂಡಳು.

ಯಾರಿಗೆ ಒಳ್ಳೆಯದು ಮಾಡಲು ಹೊರಟೆನೋ ಅವಳಿಗೇ ಮನೆ ಇಲ್ಲದಾಯಿತು. ಅಕ್ಟೋಬರಿನಿಂದ ನಾನು ಮುಟ್ಟಿದ್ದೆಲ್ಲ ಹೀಗೆ. ಹಟ್ಟಿಗೆ ಹೋಗಿ ಕಾಲು ಹಿಡಿಯಲೇ ಅಂದರೆ, ಬೇಲಿಯ ಹೊರಗಿನಿಂದಲೇ 'ಯಜಮಾನ ಇಲ್ಲ' ಅಂದರು. ಒಳಗೆ ಅವನ ಕೆಮ್ಮು ಕೇಳಿಸುತ್ತಿತ್ತು.

ಜೂನ್ ೨೭, ಭಾನುವಾರ

ಗೇಟಿನ ಕಂಬ ನೆಟ್ಟೆವು. ಗುಂಡಿ ಅಳೆದವನು ನಾನು. ಸುಂಕದ ಗುತ್ತಿಗೆದಾರನ ಆಳು ಬಂದಿದ್ದಾನೆ, ದಾವಣಗೆರೆ ಕಡೆಯವನು. ದೊಡ್ಡ ಗಂಟಲು. ಗಾಡಿ ಬಂದ ಹಾಗೆ ಲೆಕ್ಕ ಕೂಗಬೇಕು, ಒಳಗೆ ಗುಮಾಸ್ತ ಬರೆದುಕೊಳ್ಳಬೇಕು, ಅದು ಅವರ ಪದ್ಧತಿಯಂತೆ. ಮೆಲ್ಲಗೆ ಹೇಳಬಾರದೇ ಅಂದೆ. 'ಕೂಗದಿದ್ರೆ ಕಳ್ತನ ಮಾಡ್ದ ಅಂತಾರೆ ಸ್ವಾಮಿ' ಅಂದ. ಹಟ್ಟಿಯವರ ನಂಬಿಕೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ.

ಪಡುವಣ ದಿಕ್ಕಿಗೆ ಮಳೆ ಇಳಿದಿದೆ. ಹಳ್ಳದಲ್ಲಿ ಮೊಣಕಾಲುದ್ದ ನೀರು.

ಜುಲೈ ೧, ಗುರುವಾರ. ಬೆಳಿಗ್ಗೆ ೮

ಬೆಳಗಿನಿಂದ ಗೇಟಿಗೆ ಒಂದು ಗಾಡಿಯೂ ಬಂದಿಲ್ಲ. ದಿಬ್ಬದ ಮೇಲೆ ಸಾಲು ನಿಂತಿವೆ, ಈ ಸಲ ಮರೆಯಲ್ಲಲ್ಲ, ಎದುರಿಗೇ. ದೊಡ್ಡಪಾಲಯ್ಯ ಎಲ್ಲರ ಮುಂದೆ ತನ್ನ ಗಾಡಿಯ ಮೂಕಿ ಹಿಡಿದು ನಿಂತಿದ್ದಾನೆ. ಇತ್ತ ಬರುವುದಿಲ್ಲ, ವಾಪಸೂ ಹೋಗುವುದಿಲ್ಲ. ಗೇಟು ತಪ್ಪಿಸಿ ಮೇಲಿನ ಮರಳಿನಲ್ಲಿ ದಾಟುತ್ತಾರೇನೋ ಅಂತ ನನಗೆ ಭಯ. ಅಲ್ಲಿ ಮಡು ಬಿದ್ದಿದೆ. ಬೆಳಗಿನ ಜಾವ ಕೆಂಚಣ್ಣನ ಕೈಲಿ ಹೇಳಿ ಕಳಿಸಿದ್ದೆ. 'ಸಾಮಿ ಹೇಳಿದ್ರೆ ನಂಬಬೇಕಾ' ಅಂದರಂತೆ. ಅನ್ನಲಿ. ಅನ್ನಬೇಕಾದ್ದೇ.

೯ ಗಂಟೆ

ಗುಡಿಸಲ ಬಾಗಿಲಲ್ಲಿ ಕೂತು ಬರೆಯುತ್ತಿದ್ದೇನೆ, ಬೇರೆ ಏನು ಮಾಡಲೂ ಕೈ ಬರುತ್ತಿಲ್ಲ. ದಿಬ್ಬದಲ್ಲಿ ಎರಡು ಗಾಡಿ ಮರಳಿನ ಕಡೆ ತಿರುಗಿದವು. ಕೂಗಿದೆ. ಕೇಳಿಸಿಕೊಳ್ಳಲಿಲ್ಲ.

ಜುಂಜಮ್ಮ ಚಾಪೆ ಬಿಚ್ಚಿದಳು. ಎತ್ತು ಹೂಡಿದಳು. ದೇವರ ಎತ್ತು ಹಿಂದೆ ಹಿಂದೆ ಬಿಡಾಡಿಯಾಗಿ ಬರುತ್ತಿದೆ. ಗಾಡಿ ತಂದು ನೇರ ಗೇಟಿನ ಮುಂದೆ ನಿಲ್ಲಿಸಿದಳು. ಸೊಂಟದ ಚೀಲದಿಂದ ಸುಂಕ ತೆಗೆದು ಗೇಟಿನವನ ಕೈಗೆ ಹಾಕಿದಳು. ದಿಬ್ಬದ ಕಡೆ ಒಂದು ಸಲ ನೋಡಿದಳು. ಮರಳಿಗೆ ತಿರುಗಿದ ಗಾಡಿಗಳು ನಿಂತವು. ಎಲ್ಲರೂ ನೋಡುತ್ತಿದ್ದಾರೆ.

ಗೇಟಿನವನು ಬಾಯಿ ತೆರೆದ. ಬೇಡ ಅಂತ ಎದ್ದೆ. ಅವಳೇ ಕೈ ಎತ್ತಿ ನನ್ನನ್ನು ತಡೆದು, 'ಕೂಗಲಿ ಬಿಡ್ರಿ' ಅಂದಳು.

ಹಳ್ಳದ ಆಚೆ ದಡಕ್ಕೂ ಕೇಳುವ ಹಾಗೆ ಕೂಗಿದ. 'ಒಂದು!'

ಅವಳು ಎತ್ತು ಹೊಡೆದಳು. ದಿಬ್ಬದ ಮೇಲೆ ದೊಡ್ಡಪಾಲಯ್ಯ ಮೂಕಿಯಿಂದ ಕೈ ತೆಗೆದು ನೆಲದಿಂದ ಒಂದು ಕಲ್ಲು ಎತ್ತಿಕೊಂಡ, ಗಾಡಿಯನ್ನು ಗೇಟಿನ ಕಡೆ ತಿರುಗಿಸಿದ.